ಕಥೆಗೆ ಹೂಂ ಅನ್ನೋರು

ನೇತ್ರಾಳಿಗೆ ಆಟ ಆಡುವ ಗೆಳೆಯರಿದ್ದಾರೆ ಅಂತ ಹಂಪಕ್ಕ ಮೊದಲು ಕೇಳಿದ್ದು ಒಂದು ಶನಿವಾರ, ಅಂಗಳದಲ್ಲಿ ಅಕ್ಕಿ ಹಸನು ಮಾಡುವಾಗ.

“ಅವ್ವಾ, ನಾಳಿ ಬಳ್ಳಾರಿಯಿಂದ ನಾಕು ಮಂದಿ ಬರ್ತಾರ. ಆಟ ಆಡಾಕ ನಿನ್ನ ಪಡಸಾಲಿ ಬೇಕು.”

“ಇಸ್ಪೀಟೇನು? ನಮ್ಮ ಮನಿಯವರು ಇದ್ದಾಗ್ಲೂ ಅದನ್ನ ಹೊಸ್ತಿಲು ದಾಟಾಕ ಬಿಟ್ಟಿಲ್ಲ ನಾನು.”

“ಇಸ್ಪೀಟಲ್ಲವ್ವಾ, ಕಥಿ ಆಟ. ನಾ ಕಥಿ ಹೇಳ್ತೀನಿ. ಅವರು ಅದರೊಳಗ ಹೊಕ್ಕು, ಹಿಂಗ ಮಾಡ್ತೀವಿ ಅಂತಾರ. ಆಗ್ತೈತೋ ಇಲ್ಲೋ ದಾಳ ಹೇಳ್ತೈತಿ.”

ನೇತ್ರಾ ಕುರುಗೋಡಿನ ಕಲ್ಲು ಒಡೆಯುವವನ ಮಗಳು. ಸಿರುಗುಪ್ಪದ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ, ಹಂಪಕ್ಕನ ಹಿಂದಿನ ಕೋಣೆಯಲ್ಲಿ ಬಾಡಿಗೆ. ಹಗಲೆಲ್ಲ ಮದುವೆಯ, ತಿಥಿಯ ಬ್ಯಾನರಿಗೆ ಮಂದಿಯ ಮುಖ ಕೂಡಿಸಿ, ಸಂಜೆ ಬಂದವಳೇ ತನ್ನೂರ ಗುಡ್ಡದ ಕಥೆ ಬರೆಯುತ್ತ ಕೂರುತ್ತಿದ್ದಳು. ಅವಳೂ ಆ ಗೆಳೆಯರೂ ಆಡುತ್ತಿದ್ದ ಇಂಗ್ಲಿಷ್ ಆಟಕ್ಕೆ ಕನ್ನಡದಲ್ಲಿ ಹೊಸ ಪುಸ್ತಕವೊಂದನ್ನು ಸೇರಿಸಿದ್ದಳು. ಗುಡ್ಡದ ಹೊಟ್ಟೆಯೊಳಗೆ ಒಂದು ಊರು, ಅಲ್ಲಿಯ ಬಾವಿ, ಅಲ್ಲಿಯ ದೆವ್ವ. ಬರುವವರು ವರ್ಷಗಟ್ಟಲೆ ಆಡಿ ಪಳಗಿದವರು. ಅವರು ಒಪ್ಪಿದರೆ ಅಚ್ಚಿಗೆ, ಇಲ್ಲದಿದ್ದರೆ ನಿನ್ನ ಒಲೆಗೆ ಅಂತ ಹಂಪಕ್ಕನಿಗೆ ಅಂದಿದ್ದಳು. ನಗುತ್ತ ಹೇಳಿದ ಮಾತಾಗಿರಲಿಲ್ಲ.

ಭಾನುವಾರ ಬಂದವರಲ್ಲಿ ಜಂಬುನಾಥ ಅನ್ನೋ ಮೇಷ್ಟ್ರೇ ಹಿರಿಯ. ಪುಸ್ತಕ ತಿರುವಿದವನೇ ಕಾಲೆಳೆದ. “ಹೊರಗಿನ ಬಿಸಿಲು ಸಾಲಲಿಲ್ಲೇನು, ಆಟದಾಗೂ ಬಳ್ಳಾರಿ ಸೀಮಿನಾ? ಬೆಂಕಿ ಉಗುಳೋ ಹಾವು ಎಲ್ಲೈತಿ?”

“ಬಿಸಿಲಿಗೆ ಸತ್ತೈತ್ರಿ ಸರ್,” ಅಂದಳು ನೇತ್ರಾ. ಎಲ್ಲರೂ ನಕ್ಕರು.

ಆಮೇಲೆ ಅವಳು ಕಥೆ ತೆಗೆದಳು. ಬಂಡೆ ಸರಿಯಿತು, ಒಳಗೆ ಮೆಟ್ಟಿಲು. ಅಡುಗೆಮನೆ ಬಾಗಿಲಲ್ಲಿ ಕೂತ ಹಂಪಕ್ಕನಿಗೆ ತನ್ನ ಪಡಸಾಲೆಯೇ ಕಾಣದಾಯಿತು. ಹಾಸಿದ ಚಾಪೆ, ಹಲವು ಮುಖಗಳ ನಾಲ್ಕು ದಾಳ, ಅಷ್ಟೇ ಇದ್ದದ್ದು. ಆದರೂ ಕಾಲಡಿಗೆ ತಣ್ಣನೆ ಕಲ್ಲು ತಾಗಿದಂತಾಯಿತು. ಇಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ ಗುಡ್ಡದ ಒಳಗೊಂದು ಊರಿದೆ ಅಂತ ಯಾರು ಅಂದುಕೊಂಡಿದ್ದರು?

ಆದರೆ ನಾಲ್ವರ ಬಾಯಿಂದ ಉಸಿರಿಲ್ಲ. ನೇತ್ರಾಳ ದನಿ ಸಣ್ಣದಾಗುತ್ತ ಬಂತು. ಹಂಪಕ್ಕನಿಗೆ ಗದ್ದೆಯ ಕಥೆಗಳು ನೆನಪಾದವು. ಭತ್ತ ನಾಟಿ ಮಾಡುವ ಸಾಲಿನಲ್ಲಿ ಒಬ್ಬಳು ಕಥೆ ಹೇಳಿದರೆ ಉಳಿದವರು ಹೂಂಗುಡಬೇಕು. ಹೂಂ ಬರಲಿಲ್ಲವೆಂದರೆ ಕಥೆ ಹಿಡಿಸಲಿಲ್ಲ ಅಂತಲೇ ಲೆಕ್ಕ, ಹೇಳುವವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಈ ಹುಡುಗಿಯೂ ನಿಲ್ಲಿಸಿಬಿಡುತ್ತಾಳೆ.

“ಹೂಂ,” ಅಂದಳು ಹಂಪಕ್ಕ, ಅಡುಗೆಮನೆ ಬಾಗಿಲ ನೆರಳಿನಿಂದ.

ನಾಲ್ವರೂ ಕೂತಲ್ಲೇ ಬೆಚ್ಚಿದರು. ಜಂಬುನಾಥನ ಕೈಯ ದಾಳ ಚಾಪೆಯಾಚೆ ಉರುಳಿತು.

ನೇತ್ರಾ ಒಂದು ಗಳಿಗೆ ಹಂಪಕ್ಕನನ್ನು ನೋಡಿದಳು. ದನಿ ತಿರುಗಿ ಬಂತು. “ಗುಡ್ಡ ಹೂಂ ಅಂತು. ನೀವು ಬಂದದ್ದು ಅದಕ್ಕ ಗೊತ್ತಾತು. ಈಗೇನು ಮಾಡ್ತೀರಿ?”

ಆಟ ಮುಗಿದ ಮೇಲೆ ಹೇಮಾ ಅನ್ನೋ ನರ್ಸಮ್ಮ ತೋಳು ಚಾಚಿ ತೋರಿಸಿದಳು, ಕೂದಲು ಇನ್ನೂ ನೆಟ್ಟಗಿದ್ದವು. “ಆ ಹೂಂ ಯಾವ ಪುಟದಾಗೈತಿ?” ಅಂತ ಹುಡುಕಿಯೇ ಹುಡುಕಿದಳು.

“ಯಾಕ ಸುಮ್ನಿದ್ರಿ ಎಲ್ಲರೂ?” ಹಂಪಕ್ಕ ತಡೆಯದೆ ಕೇಳಿದಳು.

“ಗುಡ್ಡದ ಒಳಗಿದ್ವಲ್ಲವ್ವಾ,” ಅಂದ ಜಂಬುನಾಥ. “ಕುರುಗೋಡಿನಾಗ ಹುಟ್ಟಿ ಬೆಳೆದೋನು ನಾನು. ಆ ಗುಡ್ಡದ ಮುಂದ ಮತ್ತ ಹೆಂಗ ಹೋಗಲಿ ಅಂತ ಯೋಚನಿ ಹತ್ತೈತಿ.” ನೇತ್ರಾಳ ಕಡೆ ತಿರುಗಿ, “ಅಚ್ಚಿಗೆ ಕೊಡವ್ವಾ,” ಅಂದ.

ಅವರು ಬಸ್ಸಿಗೆ ಹೋದ ಮೇಲೆ ನೇತ್ರಾ ಚಾಪೆ ಸುತ್ತಿಟ್ಟು, ಹಂಪಕ್ಕನ ಪಕ್ಕ ಬಂದು ಕೂತಳು.

“ಅವ್ವಾ, ಪುಸ್ತಕದಾಗ ಇನ್ನೊಂದು ಪುಟ ಸೇರಿಸಬೇಕು. ಎಲ್ಲಿ ಹೂಂ ಅನ್ನಬೇಕು, ಎಲ್ಲಿ ಸುಮ್ಮನಿರಬೇಕು, ಹೇಳಿಕೊಡ್ತೀಯೇನು?”