ಬೀಳುವುದನ್ನು ಕಲಿಸಿದ ಮಾಸ್ಟರ್

ಕೆಲಮಂಗಲದ ರಸ್ತೆಯಲ್ಲಿ ನಾಯಿ ಅಡ್ಡ ಬಂದು ನನ್ನ ಸ್ಕೂಟರ್ ಜಾರಿತು. ಹಿಂದೆ ಕುಳಿತಿದ್ದ ಹದಿನಾಲ್ಕರ ಮಗಳು ಗದ್ದವನ್ನು ಎದೆಗೊತ್ತಿಕೊಂಡು, ಚೆಂಡಿನಂತೆ ಉರುಳಿ ಎದ್ದು ನಿಂತಳು. ಕೈಯೂರಿ ಬಿದ್ದ ನನ್ನ ಮಣಿಕಟ್ಟು ಮುರಿಯಿತು.

"ಕೈ ಊರ್ಬಾರ್ದು ಕಣಮ್ಮ, ಉರುಳ್ಬೇಕು," ಎನ್ನುತ್ತಾ ಅವಳೇ ನನ್ನನ್ನು ಎಬ್ಬಿಸಿದಳು.

ಮತ್ತಿಗಿರಿಯ ಅವಳ ಕರಾಟೆ ಮಾಸ್ಟರ್ ಮೊದಲ ಮೂರು ತಿಂಗಳು ಬೀಳುವುದನ್ನಷ್ಟೇ ಕಲಿಸಿದ್ದರು. ಬೀಳೋದು ಕಲ್ಸಕ್ಕೂ ಮಾಸ್ಟರ್ ಬೇಕಾ ಎಂದು ಆಗ ಎಲ್ಲರೆದುರೇ ಅವರೊಂದಿಗೆ ಜಗಳವಾಡಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು.

ಕಟ್ಟು ಹಾಕಿದ ಕೈಯಲ್ಲೇ ಹೋಗಿ ತಪ್ಪಾಯಿತೆಂದೆ. ಅವರು ತಮ್ಮ ಬಲಗೈ ಚಾಚಿ ತೋರಿಸಿದರು. ಮಣಿಕಟ್ಟು ಸೊಟ್ಟಗಿತ್ತು.

"ಫ್ಯಾಕ್ಟ್ರೀಲಿ ಶಿಫ್ಟ್ ಮುಗಿಸ್ಕಂಡು ಕಲೀತಿದ್ದೆ ಕಣಕ್ಕ. ನಂಗೆ ಒದೆಯೋದ ಹೇಳ್ಕೊಟ್ರು. ಬೀಳೋದ ಯಾರೂ ಹೇಳ್ಕೊಡ್ನಿಲ್ಲ."

ಈಗ ಅಲ್ಲಿ ಹೊಸದಾಗಿ ಸೇರುವ ಚಿಕ್ಕ ಮಕ್ಕಳಿಗೆ ಬೀಳುವುದನ್ನು ಹೇಳಿಕೊಡುವವಳು ನನ್ನ ಮಗಳು. ಮೊನ್ನೆ ಒಬ್ಬ ತಾಯಿ ಥೇಟ್ ನನ್ನಂತೆಯೇ ಅವಳೊಂದಿಗೆ ಜಗಳಕ್ಕೆ ನಿಂತರು. ಬಾಗಿಲಲ್ಲಿ ನಿಂತಿದ್ದ ನನ್ನ ಎದೆ ಉಬ್ಬಿಹೋಯಿತು, ಏಕೆಂದರೆ ಮಗಳು ಥೇಟ್ ಮಾಸ್ಟರಂತೆಯೇ ನಕ್ಕು ಸುಮ್ಮನಾದಳು.