ಮೂಲೆಯ ಹೊಂಡಕ್ಕೆ ಪಿಳ್ಳಪ್ಪನ ಒಪ್ಪಿಗೆ

ನನ್ನ ಸೋದರತ್ತೆ ಅಮ್ಮಯಮ್ಮನಿಗೆ ಅರವತ್ತು ದಾಟಿದೆ, ಬಾಯಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಹೊಸಕೋಟೆ ಕಡೆಯ ವಿಜಯಪುರದ ಪಕ್ಕದ ನಮ್ಮೂರಿನಲ್ಲಿ ಆ ಬಾಯಿಗೆ ಸಿಗದೆ ಉಳಿದವರು ಯಾರೂ ಇಲ್ಲ. ನಾನು ವಿಜಯಪುರದಲ್ಲಿ ಹೊಲಿಗೆ ಅಂಗಡಿ ಇಟ್ಟು ಊರಿಗೆಲ್ಲ ರವಿಕೆ ಹೊಲಿಯುತ್ತೇನೆ. ಅತ್ತೆಗೆ ಹೊಲಿದ ರವಿಕೆಯ ತೋಳು ಮಾತ್ರ ಇವತ್ತಿನವರೆಗೂ ಸರಿಬಂದಿಲ್ಲವಂತೆ. ಆದರೂ ಅವಳೆಂದರೆ ನನಗೆ ಪ್ರಾಣ. ಅವಳು ಬೈಯದ ದಿನ ಮೈ ಹುಷಾರಿಲ್ಲವೇನೋ ಎಂದು ನಾನೇ ಫೋನ್ ಮಾಡಿ ಕೇಳುತ್ತೇನೆ.

ಅತ್ತೆಯ ಜೀವನವೆಲ್ಲ ಹಿಪ್ಪುನೇರಳೆ ಸೊಪ್ಪು ಮತ್ತು ರೇಷ್ಮೆ ಹುಳದಲ್ಲೇ ಕಳೆದಿದೆ. ಮದುವೆಯಾಗಿ ಬಂದ ವರ್ಷ ಹುಳದ ಮನೆಗೆ ಕಾಲಿಟ್ಟವಳು ಇನ್ನೂ ಆಚೆ ಬಂದಿಲ್ಲ ಎಂದು ನಮ್ಮ ಮಾವ ಗಂಗಣ್ಣ ರೇಗಿಸುತ್ತಿರುತ್ತಾರೆ. ತೊಂದರೆ ಇದ್ದದ್ದು ಒಂದೇ. ಬೇಸಿಗೆ ಬಂದರೆ ಕೊಳವೆಬಾವಿಯ ನೀರು ಬೆರಳಿನಷ್ಟು ಸಣ್ಣಗಾಗಿ, ಸೊಪ್ಪು ಒಣಗಿ, ಹುಳದ ಮನೆಗೆ ಬೀಗ ಬೀಳುತ್ತಿತ್ತು. ಆ ಎರಡು ತಿಂಗಳು ಅತ್ತೆಗೆ ಹುಚ್ಚು ಹಿಡಿದಂತಾಗುತ್ತಿತ್ತು. ಹಾಗಾಗಿ ತೋಟದ ಕೆಳಗಿನ ಮೂಲೆಯಲ್ಲಿ ಒಂದು ಕೃಷಿ ಹೊಂಡ ತೆಗೆಸಬೇಕೆಂದು ಪಟ್ಟು ಹಿಡಿದಳು. ನಾನೇ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೃಷಿ ಇಲಾಖೆಯ ಕಚೇರಿಗೆ ಹೋದೆ.

ಅಲ್ಲಿ ಸಿಂಚನ ಮೇಡಂ ಎಂಬ ಹುಡುಗಿ ನಿಯಮಗಳನ್ನು ಸಾವಧಾನವಾಗಿ ಹೇಳಿದಳು. ಹೊಂಡದ ಸುತ್ತ ಬೇಲಿ ಇರಬೇಕು, ಬಾಗಿಲಿಗೆ ಬೀಗ ಇರಬೇಕು. ಯಾರಾದರೂ ಬಿದ್ದರೆ ಹಿಡಿದು ಹತ್ತಲು ಹಗ್ಗ ಇಳಿಬಿಟ್ಟಿರಬೇಕು. ಪಕ್ಕದವರ ಬದುವಿನಿಂದ ಹತ್ತು ಅಡಿ ಬಿಡಬೇಕು. ಅದಕ್ಕಿಂತ ಹತ್ತಿರ ತೆಗೆಯಬೇಕಾದರೆ, ಅಳತೆಯ ದಿನ ಪಕ್ಕದವರೇ ಜಾಗಕ್ಕೆ ಬಂದು ನಿಂತು ಒಪ್ಪಬೇಕು.

"ನನ್ನ ಜಮೀನು, ನನ್ನ ಹೊಂಡ. ಇನ್ನೊಬ್ಬರನ್ನ ಯಾಕವ್ವ ಕೇಳ್ಬೇಕು?" ಎಂದಳು ಅತ್ತೆ.

"ಹೊಂಡ ನಿಮ್ದೇ ಅಮ್ಮ. ಮಣ್ಣು ಕುಸಿದ್ರೆ ಅವರ ಬದುನೂ ಕುಸಿಯುತ್ತಲ್ಲ, ಅದಕ್ಕೆ," ಎಂದಳು ಮೇಡಂ.

ಹತ್ತು ಅಡಿ ಬಿಡಲು ಅತ್ತೆಗೆ ಮನಸ್ಸಿರಲಿಲ್ಲ ಎಂದಲ್ಲ, ಬಿಡಲು ಆಗುತ್ತಿರಲಿಲ್ಲ. ಗುಂಡಿ ತೋಡಿಸಿ ನೋಡಿದಾಗ ಹತ್ತು ಅಡಿ ಈಚೆಗೆ ಬಂದರೆ ಮೊಣಕಾಲುದ್ದಕ್ಕೇ ಬಂಡೆ ಸಿಕ್ಕಿತು. ಮೆತ್ತನೆ ಮಣ್ಣಿದ್ದದ್ದು ಬದುವಿನ ಬುಡದಲ್ಲಿ, ಮಳೆ ನೀರು ಬಂದು ನಿಲ್ಲುತ್ತಿದ್ದದ್ದೂ ಅಲ್ಲೇ. ಆದರೆ ಆ ಬದುವಿನ ಆಚೆಗಿನ ಜಮೀನು ಪಿಳ್ಳಪ್ಪನದು.

ಪಿಳ್ಳಪ್ಪ ಕೆಟ್ಟವನಲ್ಲ. ಮಾತು ಕಡಿಮೆ, ಮರೆವು ಇನ್ನೂ ಕಡಿಮೆ. ಎರಡು ವರ್ಷದ ಹಿಂದೆ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಹೋಗುವ ಬಸ್ಸಿನಲ್ಲಿ ಅವನ ಮೂಟೆ ಮುಟ್ಟಿ ನೋಡಿದ ಅತ್ತೆ, "ಪಿಳ್ಳಪ್ಪಣ್ಣ, ಕಿಟಕಿ ಮುಚ್ಚು, ನಿನ್ನ ಗೂಡು ಗಾಳಿಗೆ ಹಾರ್ಹೋಗ್ತವೆ," ಎಂದಿದ್ದಳು. ಕಂಡಕ್ಟರ್ ಕೂಡ ನಕ್ಕನಂತೆ. ಆವತ್ತಿನಿಂದ ಪಿಳ್ಳಪ್ಪ ಇವಳನ್ನು ಕಂಡರೆ ಆಕಾಶ ನೋಡುತ್ತಾ ನಡೆಯುತ್ತಾನೆ. ಅತ್ತೆಗೆ ಅದರ ಬಗ್ಗೆ ಬೇಜಾರೇನೂ ಇರಲಿಲ್ಲ. ಗೂಡು ತೆಳ್ಳಗಿದ್ದದ್ದು ನಿಜ ತಾನೇ ಎನ್ನುತ್ತಿದ್ದಳು. ಈಗ ಅವನ ಬಾಗಿಲಿಗೇ ಹೋಗಬೇಕಾಯಿತು.

ಅಳತೆಗೆ ಒಂದು ದಿನ ಮುಂಚೆ ಬೆಳಿಗ್ಗೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಹೊರಟಳು. ಧೈರ್ಯಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಪಿಳ್ಳಪ್ಪನ ಮನೆಯಲ್ಲಿ ನೋಡಿದರೆ ರಂಪ. ಹುಳ ಲೆಕ್ಕಕ್ಕಿಂತ ಮುಂಚೆಯೇ ಹಣ್ಣಾಗಿಬಿಟ್ಟಿತ್ತು. ಹಣ್ಣಾದ ಹುಳ ಸೊಪ್ಪು ಬಿಟ್ಟು, ಮೈ ಹಳದಿ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಲೇ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಬೆಳೆಯೆಲ್ಲ ಹಾಳು. ಪಿಳ್ಳಪ್ಪನ ಹೆಂಡತಿ ಮಗಳ ಬಾಣಂತನಕ್ಕೆಂದು ಹೊಸಕೋಟೆಗೆ ಹೋಗಿದ್ದಳು. ಅವನೊಬ್ಬನೇ ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ.

ಅತ್ತೆ ತಟ್ಟೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟಳು, ಕೈಕಾಲು ತೊಳೆದಳು, ಹುಳಕ್ಕೆ ರೋಗ ತಾಗದಿರಲೆಂದು ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದಳು. "ಲೇ ಶಾಮಲಾ, ನಿಂತ್ಕೊಂಡು ನೋಡ್ಬೇಡ, ಬಾ," ಎಂದು ನನ್ನನ್ನೂ ಕರೆದಳು. ಹೊತ್ತು ಮುಳುಗುವವರೆಗೂ ಹುಳ ಆರಿಸಿದೆವು. ಬೆನ್ನು ಬಿದ್ದುಹೋಯಿತು. ಆಚೆ ಬಂದರೆ ತಟ್ಟೆ ಅರ್ಧ ಖಾಲಿ. ಎಲೆಯನ್ನೆಲ್ಲ ಮೇಕೆ ತಿಂದಿತ್ತು, ಅಡಿಕೆಯನ್ನು ಮಾತ್ರ ನಮಗೆ ಬಿಟ್ಟಿತ್ತು.

"ಯಾಕೆ ಬಂದಿದ್ದೆ ಅಮ್ಮಯ್ಯ?" ಎಂದು ಪಿಳ್ಳಪ್ಪ ಕೇಳಿದ.

"ಏನಿಲ್ಲ, ಹಂಗೇ," ಎಂದು ಅತ್ತೆ ಹೊರಟೇಬಿಟ್ಟಳು.

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಕೇಳೋಕೆ ತಾನೇ ಹೋಗಿದ್ದು ಅತ್ತೆ? ನಾಳೆ ಅಳತೆ."

"ಮುಯ್ಯಾಳಾಗಿ ದುಡಿದಿದ್ದೀನಿ ಕಣೇ. ಅದಕ್ಕೆ ಅವನು ತಿರುಗಿ ನಮ್ಮನೇಲಿ ಮುಯ್ಯಿ ದುಡೀಬೇಕು, ಅಷ್ಟೇ. ಇವತ್ತೇ ಒಪ್ಪಿಗೆ ಕೇಳಿದ್ರೆ ಕೂಲಿ ಕೇಳ್ದಂಗಾಗುತ್ತೆ."

ಮನೆಯಲ್ಲಿ ಮಾವ ತಲೆ ಚಚ್ಚಿಕೊಂಡರು. "ಊರೆಲ್ಲ ಬೈಯೋಕೆ ಬಾಯಿ ಬರುತ್ತೆ, ಒಂದು ಮಾತು ಕೇಳೋಕೆ ಬರಲ್ಲ," ಎಂದರು. ಅತ್ತೆ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಹೊಂಡ ಕೈ ತಪ್ಪಿತೆಂದು ಅವಳಿಗೆ ಗೊತ್ತಾಗಿತ್ತು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮರುದಿನ ಸಿಂಚನ ಮೇಡಂ ಟೇಪು ಹಿಡಿದು ಬಂದಳು. ಬದುವಿನಿಂದ ಅಳೆದು, "ಮೂರೇ ಅಡಿ ಬರುತ್ತಮ್ಮ. ಪಕ್ಕದವರು ಬಂದಿದ್ದಾರಾ?" ಎಂದಳು. ಅತ್ತೆ ನೆಲ ನೋಡಿದಳು. ಬರಲಿಲ್ಲ ಎಂದು ಮಾವ ಹೇಳುವಷ್ಟರಲ್ಲಿ ಬದುವಿನ ಆಚೆಯಿಂದ ಕೆಮ್ಮು ಕೇಳಿಸಿತು. ಪಿಳ್ಳಪ್ಪ ಟವೆಲ್ ಕೊಡವುತ್ತಾ ಬಂದು ನಿಂತ. ವಿಷಯ ಊರಿಗೆಲ್ಲ ಗೊತ್ತಿದ್ದ ಹಾಗೆ ಅವನಿಗೂ ಗೊತ್ತಿತ್ತು.

"ಇಲ್ಲಿ ಹೊಂಡ ತೆಗೆಯೋಕೆ ನಿಮ್ಮ ಒಪ್ಪಿಗೆ ಇದೆಯಾ?" ಮೇಡಂ ಕೇಳಿದಳು.

ಪಿಳ್ಳಪ್ಪ ಮೂಲೆಯನ್ನೇ ನೋಡಿದ. "ಇಲ್ಲಿ ನಿಲ್ಲೋ ನೀರು ನಂದು ಮೇಡಂ," ಎಂದ.

ಅತ್ತೆಯ ಮುಖ ಸಣ್ಣಗಾಯಿತು.

"ಮಳೆ ಬಂದ್ರೆ ನನ್ನ ಹೊಲದಲ್ಲಿ ಒಂದು ಹನಿನೂ ನಿಲ್ಲಲ್ಲ. ಮಣ್ಣು ಕೊಚ್ಕೊಂಡು ಈಯಮ್ಮನ ಮೂಲೆಗೆ ಬರುತ್ತೆ. ಮಳೆ ಬಿಟ್ಟ ಮೇಲೆ ಈಯಮ್ಮ ಆ ಮಣ್ಣೆಲ್ಲ ಬಾಣಲೀಲಿ ತುಂಬ್ಕೊಂಡು ಬದು ಹತ್ತಿ ನನ್ನ ಕಡೆಗೇ ಸುರೀತಾಳೆ. ವರ್ಷಾ ವರ್ಷಾ. ನಾನು ನೋಡಿಲ್ಲ ಅನ್ಕೊಂಡವ್ಳೆ." ಅವನು ಟವೆಲ್ ಹೆಗಲಿಗೆ ಹಾಕಿಕೊಂಡ. "ನನ್ನ ಮಣ್ಣು ಇಟ್ಕೊಳ್ದೇ ಇರೋಳು ನನ್ನ ಬದು ಬೀಳಿಸ್ತಾಳಾ? ಒಪ್ಪಿದೀನಿ, ಬರ್ಕೊಳ್ಳಿ."

ನನಗೂ ಈ ಸಂಗತಿ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ನಾವಿಬ್ಬರೂ ಅತ್ತೆಯನ್ನು ನೋಡಿದೆವು. ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಅವಳು ಸೆರಗು ಎಳೆದುಕೊಂಡಳು.

"ಅವನ ಮಣ್ಣು ನನಗ್ಯಾಕೆ," ಎಂದು ಗೊಣಗಿದಳು. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಲ್ಲಾ ಪಿಳ್ಳಪ್ಪಣ್ಣ, ನಿನ್ನೆ ಹುಳ ಆರಿಸಿದ್ದಕ್ಕೆ ಇದು ಸರಿಹೋಯ್ತು ಅನ್ಕೊಂಡ್ಯೇನು?" ಎಂದಳು.

"ಮುಯ್ಯಿ ಬೇರೆ, ಬದು ಬೇರೆ. ನಿನ್ನ ಹುಳ ಹಣ್ಣಾದ ದಿನ ಹೇಳಿ ಕಳಿಸು, ಬರ್ತೀನಿ," ಎಂದ ಪಿಳ್ಳಪ್ಪ.

ಆಗ ಅತ್ತೆ ಮೇಡಂ ಕಡೆ ತಿರುಗಿ, ಬೇಲಿಗೆ ಎರಡು ಬಾಗಿಲು ಇಡಬಹುದಾ ಎಂದು ಕೇಳಿದಳು. ಎರಡಕ್ಕೂ ಬೀಗ ಇದ್ದರೆ ಇಡಬಹುದು ಎಂದಳು ಮೇಡಂ. ಹೊಂಡ ತೆಗೆದಾದ ಮೇಲೆ ಎರಡನೆಯ ಬಾಗಿಲು ಪಿಳ್ಳಪ್ಪನ ಬದುವಿನ ಕಡೆಗೆ ಬಂತು, ಅದರ ಬೀಗದ ಕೈ ಅವನ ಉಡಿದಾರಕ್ಕೆ ಹೋಯಿತು. ನಿಯಮದಂತೆ ಹಗ್ಗವನ್ನೂ ಕಟ್ಟಿದೆವು.

ಆ ಸಲ ಮುಂಗಾರು ತಡ ಮಾಡಲಿಲ್ಲ. ಮೊದಲ ದೊಡ್ಡ ಮಳೆ ಬಿದ್ದ ಸಂಜೆ ನಾನೂ ಅಲ್ಲೇ ಇದ್ದೆ. ಕೆಂಪು ನೀರು ಬದುವಿನ ತೂಬಿನಿಂದ ಹೊಂಡಕ್ಕೆ ಧುಮುಕುತ್ತಿತ್ತು. ಅತ್ತೆ ತಲೆಗೆ ಗೋಣಿಚೀಲ ಹಾಕಿಕೊಂಡು ಬೇಲಿಯ ಹತ್ತಿರ ನಿಂತಳು. ಕಣ್ಣು ಒದ್ದೆಯಾಗಿದ್ದದ್ದು ಮಳೆಗೋ ಏನೋ, ನಾನು ಕೇಳಲು ಹೋಗಲಿಲ್ಲ. ಊರಿಗೆಲ್ಲ ಗೊತ್ತಿರುವ ಆ ಗಂಟಲಿನಲ್ಲಿ ಅವಳು ಬದುವಿನ ಆಚೆ ಮನೆಗೆ ಕೂಗಿದಳು:

"ಪಿಳ್ಳಪ್ಪಣ್ಣ, ನಿನ್ನ ನೀರು ಬಂತು, ಬಾ."