ಗೌರಕ್ಕನ ಸಂಘದಲ್ಲಿ ಕುರ್ಚಿ ಇರಲಿಲ್ಲ

ಕಳೆದ ವಾರ ಕಡೂರಿನಲ್ಲಿ ನನ್ನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ಸ್ಟೇಜಿನ ಮೇಲೆ ಇಟ್ಟರು.

ಅಂಗವಿಕಲರಿಗೆ ಸಲಕರಣೆ ಹಂಚುವ ಫಂಕ್ಷನ್. ನನಗೊಂದು ವಾಕರ್. (ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೋಗೆ ಹೋಯಿತು. ಈಗ ಬಲಗಾಲೂ ಅದರ ಜೊತೆ ಸೇರಿ ಮುಷ್ಕರ ಹೂಡಿದೆ.) ಸ್ಟೇಜಿಗೆ ಬರೀ ಮೆಟ್ಟಿಲು. ಹತ್ತುವವರು ಎಂಥವರು ಅಂತ ಯಾರೂ ಯೋಚಿಸಿರಲಿಲ್ಲ. ವಾಕರ್ ಹಿಡಿಸಿದರು, ಫೋಟೋ ಹೊಡೆದರು. "ನಾನೂ ಎರಡು ಮಾತಾಡ್ತೀನಿ, ಮೈಕ್ ಕೊಡಪ್ಪಾ" ಅಂದೆ.

"ಅಜ್ಜೀ, ಫೋಟೋ ಆಯ್ತಲ್ಲ, ಇಳೀರಿ" ಅಂದ ನಿರೂಪಕ.

ಇಳಿಸಿದರು. ಕೋಪ ಬರಲಿಲ್ಲ. ಗೌರಕ್ಕ ನೆನಪಾದಳು.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾದ ಕಾಲ. ಅಜ್ಜಂಪುರದಲ್ಲಿ ನಮ್ಮದೊಂದು ಹಗ್ಗದ ಸಂಘವಿತ್ತು. ಕಟ್ಟಿದವಳು ಗೌರಕ್ಕ, ಅಧ್ಯಕ್ಷೆಯೂ ಅವಳೇ. ಎರಡೂ ಕಾಲಿಗೆ ಸ್ವಾಧೀನವಿರಲಿಲ್ಲ. ಅಂಗೈಗೆ ಟೈರಿನ ತುಂಡು ಕಟ್ಟಿಕೊಂಡು, ನೆಲದ ಮೇಲೆ ಜಾರಿಕೊಂಡೇ ಇಡೀ ಊರು ಸುತ್ತುತ್ತಿದ್ದಳು. ಮನೆಗಳ ಮೂಲೆ ಹಿಡಿದು ಕೂತಿದ್ದ ನಮ್ಮಂಥವರನ್ನು ಹುಡುಕಿ, ಬೈದು ಎಬ್ಬಿಸಿದಳು.

"ಲೇ, ಕಾಲು ಸೊಟ್ಟ ಆದ್ರೆ ಕೈಗೇನೇ ದಾಡಿ? ಬಾರೇ!" ಇದು ನನಗೆ ಬಿದ್ದ ಬೈಗುಳ. ಹೋದೆ.

ತೆಂಗಿನ ನಾರಿನ ಹಗ್ಗ. ಕೂತು ರಾಟೆ ತಿರುಗಿಸುವವಳು ನಾನು. ಮಡಿಲಿಗೆ ನಾರು ಕಟ್ಟಿಕೊಂಡು, ಹುರಿ ಬಿಡುತ್ತಾ ಹಿಂದಹಿಂದಕ್ಕೆ ನಡೆಯುವವನು ರುದ್ರಣ್ಣ. ಅವನು ಹುಟ್ಟು ಕುರುಡ. ನೋಡಿದವರು "ಅಯ್ಯೋ, ಬಿದ್ದಾನು" ಅಂದರೆ, "ಹಿಂದಕ್ಕೆ ನಡೆಯೋನಿಗೆ ಕಣ್ಯಾಕ್ರೀ? ನಿಮ್ಗೇನು ಬೆನ್ನಲ್ಲಿ ಐತಾ?" ಅನ್ನುತ್ತಿದ್ದ. ಹುರಿಗಳನ್ನು ಸೇರಿಸಿ ಹಗ್ಗ ಬಿಗಿಯುವವನು ಕಿವಿ ಕೇಳದ ಮಲ್ಲೇಶಿ. ತರೀಕೆರೆ ಸಂತೆಗೂ ಕಡೂರು ಸಂತೆಗೂ ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಹೋಗಿ ನಾವೇ ಮಾರುತ್ತಿದ್ದೆವು. ಒಬ್ಬರ ದಾನವಿಲ್ಲ, ಒಬ್ಬರ ದಯವಿಲ್ಲ.

ಸಂಘಕ್ಕೆ ಒಂದೇ ಕಟ್ಟಳೆ. ಮಾತಾಡುವವರು ಯಾರೇ ಆಗಲಿ, ನೆಲದ ಮೇಲೆ ಕೂತು ಮಾತಾಡಬೇಕು. ಅಧ್ಯಕ್ಷೆಯೇ ನೆಲದ ಮೇಲಿರುವಾಗ ಉಳಿದವರಿಗೆ ಕುರ್ಚಿ ಯಾಕೆ?

ಕೊರತೆ ಇದ್ದದ್ದು ಸೂರಿನದು. ಹಗ್ಗಕ್ಕೆ ಉದ್ದನೆಯ ಜಾಗ ಬೇಕು. ನಾವಿದ್ದದ್ದು ಬಯಲಲ್ಲಿ. ಮಳೆ ಹನಿದರೆ ರಾಟೆ ಎತ್ತಿಕೊಂಡು ಓಡಬೇಕು. (ಓಡುವವರು ಯಾರು, ಹೇಳಿ?)

ಆಗ ಕೊಬ್ಬರಿ ಮಂಡಿಯ ಸಾಹುಕಾರರು ಹೇಳಿ ಕಳಿಸಿದರು. ಶೆಡ್ ಕಟ್ಟಿಸಿಕೊಡುತ್ತಾರಂತೆ. ಆದರೆ ಅಧ್ಯಕ್ಷರು ಅವರೇ ಆಗಬೇಕಂತೆ. ಮಲ್ಲೇಶಿಗೆ ಕೈಸನ್ನೆಯಲ್ಲಿ ತಿಳಿಸಿದೆವು. ಅವನು ಆಕಾಶ ತೋರಿಸಿ, ತಲೆಯ ಮೇಲೆ ಎರಡೂ ಕೈ ಮುಚ್ಚಿಕೊಂಡ. ಸೂರು ಬೇಕು, ಅಷ್ಟೇ. ತಪ್ಪೇನು?

ಸಾಹುಕಾರರು ಬಂದ ದಿನ ಯಾರೋ ಹೋಟೆಲಿನಿಂದ ಕುರ್ಚಿ ತಂದರು. ಗೌರಕ್ಕ ಅದನ್ನು ಪಕ್ಕಕ್ಕೆ ತಳ್ಳಿದಳು.

"ಕೆಳಗೇ ಕೂತ್ಕಳಿ ಸಾವ್ಕಾರ್ರೇ. ಕತ್ತೆತ್ತಿ ಮಾತಾಡಿದ್ರೆ ನಂಗೆ ನೋವು ಬತ್ತದೆ."

ಪಂಚೆ ಸರಿಮಾಡಿಕೊಂಡು ಕೂತೇಬಿಟ್ಟರು! ನಮಗೇ ಆಶ್ಚರ್ಯ.

"ನಿಮ್ಗ್ಯಾಕಮ್ಮಾ ಈ ತಾಪತ್ರಯ? ವ್ಯಾಪಾರ, ವ್ಯವಹಾರ ನಾನು ನೋಡ್ಕತೀನಿ. ಹಗ್ಗ ಹೊಸ್ಕಂಡು ಆರಾಮಾಗಿರಿ."

"ತಾಪತ್ರಯ ನಮ್ದೇ ಇರ್ಲಿ. ಸದಸ್ಯರಾಗಿ ಬನ್ನಿ, ಬ್ಯಾಡ ಅನ್ನಲ್ಲ. ಅಧ್ಯಕ್ಷರನ್ನ ನಾವು ನಮ್ಮೊಳಗೇ ಮಾಡ್ಕತೀವಿ."

ಸಾಹುಕಾರರ ಮುಖ ಕೆಂಪಾಯಿತು. ದಡಕ್ಕನೆ ಏಳಲು ಹೋದರು. ಏಳಲಾಗಲಿಲ್ಲ! ಮೊಣಕಾಲಿನ ಕೀಲು ಹಿಡಿದುಕೊಂಡಿತ್ತು. ರುದ್ರಣ್ಣ ಅವರ ನರಳಾಟದ ಜಾಡು ಹಿಡಿದು ಹೋಗಿ, ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ.

"ಸದಸ್ಯರಾಗಿ ಮಾಡ್ಕಬೋದು ಕಣಕ್ಕಾ. ಕಾಲು ನಮ್ ಕಡೇದೇ" ಅಂದ.

ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವಿನ ಜೊತೆ ಶೆಡ್ಡೂ ಹೋಯಿತು. ಮಾರನೆಯ ದಿನ ಮಲ್ಲೇಶಿಯೂ ಹೋದ, ಅದೇ ಮಂಡಿಗೆ ಕೂಲಿಗೆ. ಗೌರಕ್ಕ ಅವನ ಜಾಗವನ್ನೇ ನೋಡುತ್ತಾ ಕೂತಳು. ಆ ದಿನ ಯಾರಿಗೂ ಬೈಯಲಿಲ್ಲ.

ಮಳೆಗಾಲ ಕೆಟ್ಟದಾಗಿ ಕಳೆಯಿತು. ಬೂಷ್ಟು ಹಿಡಿದ ಹಗ್ಗ ಯಾರಿಗೆ ಬೇಕು? "ಅವ್ರೇ ಅಧ್ಯಕ್ಷರಾಗಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಅಂತ ನಾನೇ ಜಗಳ ತೆಗೆದೆ.

"ಶೆಡ್ಡೂ ಅವ್ರದ್ದು, ಅಧ್ಯಕ್ಷರೂ ಅವ್ರೇ. ನಾಳೆ ಬೀಗ ಜಡಿದ್ರೆ ತೆಗೀರಿ ಅನ್ನೋಕೆ ನಾವ್ಯಾರೇ?" ಅಂದಳು.

ನಾನು ಹಗ್ಗದ ಬೂಷ್ಟು ಒರೆಸತೊಡಗಿದೆ.

ಕೊನೆಗೆ ಅವಳೇ ಜಾರಿಕೊಂಡು ಹೋಗಿ ಊರ ಛತ್ರದ ಉದ್ದನೆಯ ಜಗಲಿ ಕುದುರಿಸಿಕೊಂಡು ಬಂದಳು. ಬೇಡಿ ಅಲ್ಲ. ಜಗಲಿ ಛತ್ರದ್ದು, ಛತ್ರದ ಬಾವಿಗೆ ಹಗ್ಗ ನಮ್ಮದು. ಸಂಘ ಮತ್ತೆ ಎದ್ದಿತು. ಒಂದು ದಿನ ಮಲ್ಲೇಶಿ ಬಂದು, ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ಕೂತ. ಗೌರಕ್ಕ ಅವನತ್ತ ಒಂದು ಹುರಿಯ ಉಂಡೆ ಎಸೆದಳು. ಅಷ್ಟೇ ವಿಚಾರಣೆ.

ಅವಳ ನಂತರ ರುದ್ರಣ್ಣ ಅಧ್ಯಕ್ಷನಾದ. ಆಮೇಲೆ ನಾನು. ಪ್ಲಾಸ್ಟಿಕ್ ಹಗ್ಗ ಬಂದು ನಮ್ಮ ಹಗ್ಗ ಕೇಳುವವರಿಲ್ಲದಾಗ ಸಂಘ ಮುಚ್ಚಿದೆವು. ಮುಚ್ಚುವುದನ್ನೂ ನೆಲದ ಮೇಲೆ ಕೂತು ನಾವೇ ತೀರ್ಮಾನಿಸಿದೆವು. ಇವತ್ತಿಗೂ ನನಗೆ ಅದರದೇ ಹೆಮ್ಮೆ.

ಶೆಡ್ ಕಟ್ಟಿಸಿಕೊಡುವವರು ಈಗಲೂ ಬೇಕಾದಷ್ಟು ಸಿಗುತ್ತಾರೆ; ಬೀಗದ ಕೈ ನಮ್ಮ ಕೈಗೆ ಕೊಟ್ಟು ಹೋದವರನ್ನು ಯಾರಾದರೂ ನೋಡಿದ್ದೀರಾ?